ನೀವು ಯಾರ ಕಡೆ, ಮಿಸ್?

“ನೀವ್ ಯಾರ್ ಕಡೆ ಮಿಸ್ಸು?”

2022ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ತಿ. ನರಸೀಪುರದ ಖಾಸಗಿ ಪ್ರೌಢಶಾಲೆಯೊಂದರ ಮೆಟ್ಟಿಲ ಮೇಲೆ ನಿಂತು ಒಂಬತ್ತನೇ ತರಗತಿಯ ಹುಡುಗನೊಬ್ಬ ನನ್ನನ್ನು ಹೀಗೆ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಕಬಡ್ಡಿಗೆ ತಂಡ ಹಂಚಿಕೊಳ್ಳುವಾಗ ಹೊಸದಾಗಿ ಬಂದವರನ್ನು ಕೇಳುತ್ತಾರಲ್ಲ, ಹಾಗೆ ಕೇಳಿದ್ದ. ನಾನು ಆಗ ಆ ಶಾಲೆಯ ಆಪ್ತಸಮಾಲೋಚಕಿ. ಮನೋವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಇನ್ನೂ ವರ್ಷ ತುಂಬಿರಲಿಲ್ಲ. ನಂಜನಗೂಡಿನ ಹತ್ತಿರದ ನನ್ನ ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತಿಂಗಳಿಗೆ ಹನ್ನೊಂದು ಸಾವಿರ ಸಂಬಳ. ಕೂರಲು ಲೈಬ್ರರಿಯ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಬಾಗಿಲ ಜಾಗದಲ್ಲಿ ಒಂದು ಪರದೆ.

ಹುಡುಗನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಕೊರೊನಾ ಮುಗಿದು ಒಂಬತ್ತು, ಹತ್ತನೇ ತರಗತಿಗಳು ಮತ್ತೆ ಶುರುವಾದದ್ದು 2021ರ ಆಗಸ್ಟ್ 23ರಂದು. ಈ ಹುಡುಗ ಏಳನೇ ತರಗತಿವರೆಗೆ ತನ್ನ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವನು. ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರು. ಆ ವರ್ಷ ಬಹುಪಾಲು ಶಾಲೆಯೇ ನಡೆಯಲಿಲ್ಲ. ಮನೆಯಲ್ಲಿದ್ದ ಒಂದೇ ಫೋನನ್ನು ಅಪ್ಪ ಕೆಲಸಕ್ಕೆ ಒಯ್ಯುತ್ತಿದ್ದ. ಅಂದರೆ ಇಂಗ್ಲಿಷಿನಲ್ಲಿ ಬರೆದ ವಿಜ್ಞಾನದ ಪುಸ್ತಕವನ್ನು ಅವನು ಮೊದಲ ಸಲ ಗುರುಗಳ ಮುಂದೆ ಕೂತು ಬಿಚ್ಚಿದ್ದೇ ಒಂಬತ್ತನೇ ತರಗತಿಯಲ್ಲಿ. ಕಿರುಪರೀಕ್ಷೆಯಲ್ಲಿ ಫೇಲಾದ. ಅವನ ಜೊತೆ ಇನ್ನೂ ಆರು ಮಕ್ಕಳು ಫೇಲಾದರು. ಆ ಏಳು ಹೆಸರಿನ ಪಟ್ಟಿ ಜನವರಿಯಲ್ಲಿ ನನ್ನ ಮೇಜಿಗೆ ಬಂತು. “ಇವರ ಐಕ್ಯೂ ನೋಡಿ ಒಂದು ರಿಪೋರ್ಟ್ ಕೊಡಿ, ಏನಾದರೂ ಸಹಾಯ ಮಾಡೋಣ” ಎಂದರು ಮುಖ್ಯೋಪಾಧ್ಯಾಯಿನಿ. ನಾನು ನಂಬಿದೆ. ಪರಿಚಯದವರಿಂದ ಬಿನೆ–ಕಾಮತ್ ಪರೀಕ್ಷೆಯ ಪೆಟ್ಟಿಗೆ ತಂದು ಒಬ್ಬೊಬ್ಬರನ್ನೇ ಕೂರಿಸಿ ಪರೀಕ್ಷೆ ಮಾಡಿದೆ. ಒಬ್ಬೊಬ್ಬರಿಗೂ ಎರಡು ಪುಟದ ವರದಿ ಬರೆದೆ. ಮೊದಲ ಪುಟದಲ್ಲಿ ಸಂಖ್ಯೆ, ಎರಡನೇ ಪುಟದಲ್ಲಿ ಏನು ಮಾಡಬಹುದು ಎಂಬ ಸಲಹೆಗಳು: ಮುಂದಿನ ಬೆಂಚಿನಲ್ಲಿ ಕೂರಿಸಿ, ಪ್ರಶ್ನೆಯನ್ನು ಕನ್ನಡದಲ್ಲಿ ವಿವರಿಸಿ, ಬರೆಯಲು ಹೆಚ್ಚು ಹೊತ್ತು ಕೊಡಿ, ಸಂಜೆ ಅರ್ಧ ಗಂಟೆ ಓದಿಸಿ.

ಎರಡನೇ ಪುಟವನ್ನು ಯಾರೂ ಓದಲಿಲ್ಲ. ಮಾರ್ಚಿನಲ್ಲಿ ಪೋಷಕರನ್ನು ಕರೆಸಿ ಮೊದಲ ಪುಟ ತೋರಿಸಿದರು. “ನಾವು ಹೇಳ್ತಿಲ್ಲಮ್ಮ, ಕೌನ್ಸೆಲರ್ ರಿಪೋರ್ಟೇ ಹೇಳ್ತಿದೆ. ಇವನಿಗೆ ಬೋರ್ಡ್ ಎಕ್ಸಾಮ್ ಕಷ್ಟ. ಟಿ.ಸಿ. ತಗೊಂಡು ಬೇರೆ ಕಡೆ ಸೇರಿಸಿ, ಇಲ್ಲ ಪ್ರೈವೇಟಾಗಿ ಕಟ್ಟಿಸಿ.” ಹುಡುಗನ ವರದಿಯಲ್ಲಿದ್ದ ಸಂಖ್ಯೆ 86. ಅದು ಸರಾಸರಿಗಿಂತ ಒಂಚೂರು ಕಡಿಮೆ, ಅಷ್ಟೆ. ಅಂಥ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ, ಪಾಸಾಗುತ್ತಾರೆ, ನೌಕರಿ ಹಿಡಿಯುತ್ತಾರೆ. ಇದನ್ನು ನಾನು ಆ ಕೋಣೆಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಅವನ ತಾಯಿ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆಯ ಕಸಗುಡಿಸುವ ಕೆಲಸಕ್ಕೆ ಹೋಗುವವರು. ಅವತ್ತಿನ ಕೂಲಿ ಬಿಟ್ಟು ಬಂದಿದ್ದರು. ನನ್ನ ಮುಖ ನೋಡಿ, “ನೀವ್ ಓದ್ದೋರು ಮೇಡಮ್ಮೋರೆ, ನೀವ್ ಯೋಳುದ್ ಮ್ಯಾಲೆ ಸರಿಯಾಗೇ ಇರ್ಬೇಕು ಬುಡಿ” ಎಂದು ಎದ್ದರು. ಹೊರಗೆ ಮೆಟ್ಟಿಲ ಮೇಲೆ ಹುಡುಗ ಆ ಪ್ರಶ್ನೆ ಕೇಳಿದ. ಏಳು ಮಕ್ಕಳಲ್ಲಿ ನಾಲ್ವರು ಮೇ ತಿಂಗಳ ಹೊತ್ತಿಗೆ ಶಾಲೆ ಬಿಟ್ಟಿದ್ದರು. ಮರುವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶದ ಫ್ಲೆಕ್ಸ್‌ಗೆ ಜಾಗ ಸಿದ್ಧವಾಗಿತ್ತು.

ಇದನ್ನು ಬರೆಯುತ್ತಿರುವುದು ಆ ಶಾಲೆಯನ್ನು ಬಯಲಿಗೆಳೆಯಲು ಅಲ್ಲ. ಅದಕ್ಕೇ ಶಾಲೆಯ ಹೆಸರನ್ನೂ ಮಕ್ಕಳ ಗುರುತು ಸಿಗುವ ವಿವರಗಳನ್ನೂ ಬಿಟ್ಟಿದ್ದೇನೆ. ಈಗ ಪಿಎಚ್.ಡಿ.ಗಾಗಿ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಶಿಕ್ಷಕರು, ವಾರ್ಡನ್‌ಗಳು, ಅಲ್ಲೊಬ್ಬ ಇಲ್ಲೊಬ್ಬ ಆಪ್ತಸಮಾಲೋಚಕರ ಜೊತೆ ಮಾತಾಡುತ್ತಿದ್ದೇನೆ. ಒಂಬತ್ತನೇ ತರಗತಿಯಲ್ಲಿ ಮಕ್ಕಳನ್ನು ಹೀಗೆ ಸೋಸುವುದು ಇವರಲ್ಲಿ ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ. ಒಂಬತ್ತೇ ಏಕೆ ಎಂದರೆ ಅದಕ್ಕೂ ಲೆಕ್ಕವಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಬೋರ್ಡಿನ ಪರೀಕ್ಷೆ ಇರುವುದು ಹತ್ತರಲ್ಲಿ. ನಡುವೆ ಒಂದು ವರ್ಷ ಮಗು ಯಾರ ಲೆಕ್ಕಕ್ಕೂ ಸಿಗದೆ ನಿಂತಿರುತ್ತದೆ. ತಳ್ಳುವವರಿಗೆ ಅದೇ ಸರಿಯಾದ ಹೊತ್ತು. ಹಿಂದೆಲ್ಲ ‘ದಡ್ಡ’ ಎಂದು ಬಾಯಲ್ಲಿ ಬೈದು ಕಳಿಸುತ್ತಿದ್ದರು. ಈಗ ಮನೋವಿಜ್ಞಾನದ ಮೊಹರು ಹಾಕಿ ಕಳಿಸಲು ನನ್ನಂಥವರು ಸಿಕ್ಕಿದ್ದೇವೆ.

ನೀತಿಸಂಹಿತೆ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಎಂ.ಎಸ್ಸಿ.ಯಲ್ಲಿ ಅದಕ್ಕೊಂದು ಅಧ್ಯಾಯವೇ ಇತ್ತು. ಗೋಪ್ಯತೆ, ಸಮ್ಮತಿ, ಅರ್ಹತೆ, ಹಾನಿ ಮಾಡದಿರುವುದು. ನಾಲ್ಕಕ್ಕೂ ಚೆನ್ನಾಗಿ ಉತ್ತರ ಬರೆದು ಅಂಕ ತೆಗೆದಿದ್ದೆ. ಶಾಲೆಯಲ್ಲಿ ನಾಲ್ಕನ್ನೂ ಮುರಿದೆ. ಮಕ್ಕಳನ್ನಾಗಲಿ ಪೋಷಕರನ್ನಾಗಲಿ ಕೇಳದೆ ಪರೀಕ್ಷೆ ಮಾಡಿದೆ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಮನೋವಿಜ್ಞಾನಿ ಮಾಡಬೇಕಾದ ಕೆಲಸಕ್ಕೆ ಬರಿಯ ಎಂ.ಎಸ್ಸಿ. ಇಟ್ಟುಕೊಂಡು ಸಹಿ ಹಾಕಿದೆ. ವರದಿಯನ್ನು ಶಾಲೆಯ ಕೈಗೆ ಕೊಟ್ಟೆ. ಹಾನಿಯಾಗುವುದನ್ನು ಕಣ್ಣಾರೆ ನೋಡುತ್ತ ಕೂತೆ. ನಾನು ಕೆಟ್ಟವಳೆಂದು ಅಂದುಕೊಂಡು ಸುಮ್ಮನಾಗಬಹುದಿತ್ತು. ವರ್ಷವಿಡೀ ಹಾಗೇ ಅಂದುಕೊಂಡಿದ್ದೆ. ಆದರೆ ಈ ಎರಡು ತಾಲ್ಲೂಕುಗಳಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಿದಾಗ ಒಳ್ಳೆಯವರೂ ಅದೇ ಜಾಗದಲ್ಲಿ ಮುಗ್ಗರಿಸಿರುವುದು ಕಂಡಿತು. ನನ್ನ ವಾದ ಇಷ್ಟೆ: ಶಾಲಾ ಮನೋವಿಜ್ಞಾನಿಯ ನೈತಿಕ ತೀರ್ಮಾನ ಅವಳ ಮನಸ್ಸಿನೊಳಗೆ ನಡೆಯುವುದಕ್ಕಿಂತ ಮೊದಲೇ ಬೇರೆಲ್ಲೋ ನಡೆದುಹೋಗಿರುತ್ತದೆ. ಸಂಬಳ ಕೊಡುವವರು ಯಾರು, ಟಿಪ್ಪಣಿ ಪುಸ್ತಕ ಯಾರ ಬೀರುವಿನಲ್ಲಿರುತ್ತದೆ, ‘ಆಗಲ್ಲ’ ಎಂದರೆ ಮಾರನೆಯ ದಿನ ಕೆಲಸ ಉಳಿಯುತ್ತದೆಯೇ, ಈ ಮೂರರಲ್ಲಿ ಅದು ತೀರ್ಮಾನವಾಗುತ್ತದೆ. ಇವನ್ನು ಬದಲಿಸದೆ ನೀತಿಶಾಸ್ತ್ರದ ಕಾರ್ಯಾಗಾರ ನಡೆಸುವುದು ಬೇಲಿ ಹಾಕದೆ ಗದ್ದೆಗೆ ಕಾವಲುಗಾರನ ಬೆರ್ಚಪ್ಪ ನಿಲ್ಲಿಸಿದ ಹಾಗೆ.

ಈ ಮಾತಿಗೆ ಈಗ ತುರ್ತು ಬಂದಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟು, ನೀಟ್ ತಯಾರಿಯಲ್ಲಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿಗೆ ಸಂಬಂಧಿಸಿದ ಸುಕದೇವ್ ಸಾಹಾ ಪ್ರಕರಣದಲ್ಲಿ, ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನೋವಿಜ್ಞಾನಿ ಅಥವಾ ಸಮಾಜ ಕಾರ್ಯಕರ್ತರನ್ನು ನೇಮಿಸಬೇಕು ಎಂಬುದು ಅದರಲ್ಲೊಂದು. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದು, ಎಲ್ಲರೆದುರು ಅವಮಾನಿಸುವುದು ಬೇಡ ಎಂಬುದು ಇನ್ನೊಂದು. ಒಳ್ಳೆಯ ಮಾತುಗಳು. ಆದರೆ ಮೊದಲನೆಯದನ್ನು ಪಾಲಿಸಲು ನೇಮಿಸಿದವಳ ಕೈಯಲ್ಲೇ ಎರಡನೆಯದನ್ನು ಮುರಿಸಬಹುದು ಎಂಬುದಕ್ಕೆ ನಾನೇ ಸಾಕ್ಷಿ. ನನಗೆ ಕೊಟ್ಟ ಆ ಏಳು ಹೆಸರಿನ ಪಟ್ಟಿ ಇನ್ನೇನು?

ನಮ್ಮ ಕೈಯಲ್ಲಿರುವ ಉಪಕರಣದ ಚರಿತ್ರೆಯನ್ನಾದರೂ ನೋಡೋಣ. ಆಲ್ಫ್ರೆಡ್ ಬಿನೆ ತನ್ನ ಜೊತೆಗಾರ ಸಿಮೋನ್ ಜೊತೆ ಸೇರಿ 1905ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪರೀಕ್ಷೆ ರೂಪಿಸಿದ್ದು, ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಯಾರಿಗೆ ಹೆಚ್ಚಿನ ನೆರವು ಬೇಕು ಎಂದು ತಿಳಿಯಲು. ಬುದ್ಧಿ ಹುಟ್ಟಿದಷ್ಟೇ ಇರುತ್ತದೆ, ಬೆಳೆಯುವುದಿಲ್ಲ ಎನ್ನುವವರನ್ನು ಅವನು ಕಟುವಾಗಿಯೇ ಖಂಡಿಸಿದ್ದ. ಅದನ್ನು ವಿ. ವಿ. ಕಾಮತರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದಿಸಿದರು. ಧಾರವಾಡದ ಕಡೆಯ ಮಕ್ಕಳನ್ನು ಕೂರಿಸಿ, ನಮ್ಮ ಭಾಷೆಯಲ್ಲೇ ನಮ್ಮ ಮಕ್ಕಳನ್ನು ಕೇಳಬೇಕು ಎಂದು ಪಟ್ಟ ಶ್ರಮ ಅದು. ಆ ಶ್ರಮಕ್ಕೆ ಗೌರವ ಸಲ್ಲಬೇಕು. ಆದರೆ ಆ ಕಾಲದ ಮಕ್ಕಳ ಅಳತೆಗೋಲಿನಿಂದ, ಒಂದೂವರೆ ವರ್ಷ ಶಾಲೆಯನ್ನೇ ಕಾಣದೆ ಬಂದ ತಿ. ನರಸೀಪುರದ ಹುಡುಗನನ್ನು ಅಳೆದು ಬಂದ ಸಂಖ್ಯೆಗೆ ಅವನ ಮುಂದಿನ ಬದುಕನ್ನು ಕಟ್ಟಿಹಾಕುವುದು ಬಿನೆಗೂ ಕಾಮತರಿಗೂ ಮಾಡುವ ದ್ರೋಹ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕೂಡ ಕಲಿಕೆಯ ತೊಂದರೆಯನ್ನು ಬೇಗ ಗುರುತಿಸಿ ಎನ್ನುವುದು ಕಲಿಸುವ ಕ್ರಮ ಬದಲಿಸಲಿಕ್ಕೆ. ಗುರುತಿಸಿ ಗೇಟಿನಾಚೆ ಬಿಡಿ ಎಂದು ಯಾವ ಕಾಯಿದೆಯೂ ಹೇಳಿಲ್ಲ.

ಇಂಥದೇ ಕೆಲಸ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಐಕ್ಯೂ ಪರೀಕ್ಷೆಯ ಆಧಾರದಲ್ಲಿ ಕಪ್ಪು ಮಕ್ಕಳನ್ನು ‘ಬುದ್ಧಿಮಾಂದ್ಯ’ರ ತರಗತಿಗಳಿಗೆ ಹಾಕುತ್ತಿದ್ದರು. ಲ್ಯಾರಿ ಪಿ. ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ 1979ರಲ್ಲಿ ನ್ಯಾಯಾಲಯ ಮಕ್ಕಳ ಪರ ತೀರ್ಪು ಕೊಟ್ಟಿತು. ನನ್ನ ಮನಸ್ಸಿನಲ್ಲಿ ನಿಂತಿರುವುದು ತೀರ್ಪಿಗಿಂತ ಅದಕ್ಕೆ ಮೊದಲು ನಡೆದದ್ದು. ಕಪ್ಪು ಮನೋವಿಜ್ಞಾನಿಗಳ ಸಂಘದವರು ಆ ಮಕ್ಕಳನ್ನು ಅವರ ಮಾತಿನ ರೀತಿಗೆ ಹೊಂದುವಂತೆ ಮತ್ತೆ ಪರೀಕ್ಷಿಸಿದರು. ಆಗ ಮಕ್ಕಳ ಅಂಕ ಆ ತರಗತಿಗೆ ಹಾಕುವ ಮಿತಿಗಿಂತ ಮೇಲೆ ಬಂತು. ಅಳತೆಗೋಲು ಹಿಡಿದವರು ಮಕ್ಕಳ ಕಡೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಇದು ಉತ್ತರ. ಅವರು ನಿಲ್ಲಲು ಆದದ್ದೂ ಆ ಶಾಲೆಗಳ ಸಂಬಳದ ಪಟ್ಟಿಯಲ್ಲಿ ಅವರಿರಲಿಲ್ಲ, ಅವರಿಗೆ ತಮ್ಮದೇ ಸಂಘವಿತ್ತು ಎಂಬ ಕಾರಣಕ್ಕೂ ಹೌದು. ನನ್ನ ಪಟ್ಟಿಯಲ್ಲಿದ್ದ ಏಳು ಮಕ್ಕಳಲ್ಲಿ ಒಬ್ಬರ ಮನೆಯಲ್ಲೂ ಎಸ್ಸೆಸ್ಸೆಲ್ಸಿ ದಾಟಿದವರಿರಲಿಲ್ಲ. ಅವರನ್ನು ಮತ್ತೊಮ್ಮೆ ಪರೀಕ್ಷಿಸಿ ಎಂದು ಕೇಳುವವರು ಯಾರೂ ಇರಲಿಲ್ಲ.

‘ಮಗುವಿನ ಕಡೆ’ ಎಂದರೆ ಮಗು ಹೇಳಿದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಳ್ಳುವುದು ಎಂದು ಯಾರಾದರೂ ತಿಳಿದರೆ ಅದೂ ತಪ್ಪು. ನಂಜನಗೂಡು ತಾಲ್ಲೂಕಿನ ಶಿಕ್ಷಕಿಯೊಬ್ಬರು ನನ್ನೊಡನೆ ಹೇಳಿಕೊಂಡದ್ದು: ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಳುತ್ತ ಬಂದಳು. ಇವರು “ಹೇಳವ್ವ, ಯಾರ್ಗೂ ಹೇಳಲ್ಲ” ಎಂದರು. ಹುಡುಗಿ ಹೇಳಿದ್ದು ಹತ್ತಿರದ ನೆಂಟನೊಬ್ಬ ಕೊಡುತ್ತಿದ್ದ ಕಿರುಕುಳ. ಪೋಕ್ಸೊ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಇಂಥದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆಯಿದೆ. ಶಿಕ್ಷಕಿ ತಿಳಿಸಿದರು, ಸರಿಯಾದದ್ದನ್ನೇ ಮಾಡಿದರು. ಹುಡುಗಿ ಮಾತ್ರ ಮತ್ತೆಂದೂ ಅವರ ಮುಖ ನೋಡಿ ಮಾತಾಡಲಿಲ್ಲ. “ದೂರು ಕೊಟ್ಟದ್ದಕ್ಕೆ ನಂಗೆ ಬೇಜಾರಿಲ್ಲ ಕಣಮ್ಮ. ಯಾರ್ಗೂ ಹೇಳಲ್ಲ ಅಂದ್ನಲ್ಲ, ಅದೇ ಕೊರೀತದೆ” ಎಂದರು ಅವರು.

ಮೊದಲ ಮಾತಿನಲ್ಲೇ ಮಿತಿ ಹೇಳಬೇಕು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. “ನಿನ್ನ ಜೀವಕ್ಕೋ ಮೈಗೋ ಅಪಾಯ ಇದ್ದರೆ ಅದನ್ನು ನಾನು ಹೇಳಲೇಬೇಕಾಗುತ್ತೆ, ನಿನಗೆ ತಿಳಿಸಿಯೇ ಹೇಳ್ತೀನಿ. ಉಳಿದದ್ದು ನಮ್ಮಿಬ್ಬರಲ್ಲೇ ಇರುತ್ತೆ.” ಇಷ್ಟು ಕನ್ನಡ ಸಾಕು. ಮಗು ಯೋಚಿಸಿ ಹೇಳುತ್ತದೆ, ಅಥವಾ ಇನ್ನೊಂದು ದಿನ ಬರುತ್ತದೆ. ವಿಚಿತ್ರ ನೋಡಿ: ಹೇಳಲೇಬೇಕಾದಲ್ಲಿ ‘ಹೇಳಲ್ಲ’ ಎಂದು ಮಾತು ಕೊಡುತ್ತೇವೆ, ಹೇಳಬಾರದ್ದನ್ನು, ಅಂದರೆ ಐಕ್ಯೂ ಸಂಖ್ಯೆ, ಮನೆಯ ಜಗಳ, ಅಪ್ಪನ ಕುಡಿತ, ಇವನ್ನೆಲ್ಲ ಸ್ಟಾಫ್ ರೂಮಿನ ಕಾಫಿಯ ಜೊತೆ ಹಂಚುತ್ತೇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೋಪ್ಯತೆಯ ಬಗ್ಗೆ ಮಾತಾಡುತ್ತದೆ, ನಿಜ. ಆದರೆ ಅದು ಹೇಳುವ ‘ಮಾನಸಿಕ ಆರೋಗ್ಯ ವೃತ್ತಿಪರ’ರ ವ್ಯಾಖ್ಯೆಯೊಳಗೆ ಬರಿಯ ಎಂ.ಎಸ್ಸಿ. ಮಾಡಿ ಪರದೆಯ ಹಿಂದೆ ಕೂತ ನನ್ನಂಥವಳು ಬರುವುದೇ ಇಲ್ಲ.

ನಮ್ಮ ನಂಜನಗೂಡಿಗೆ ಬುದ್ಧಿ ನೆಟ್ಟಗಾಗಲಿ, ಓದು ಹತ್ತಲಿ ಎಂದು ಮಕ್ಕಳನ್ನು ಕರೆತಂದು ಹರಕೆ ಹೊರುವವರು ಇಂದಿಗೂ ಇದ್ದಾರೆ. ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿದನೆಂದು ‘ಹಕೀಂ ನಂಜುಂಡ’ ಎನಿಸಿಕೊಂಡ ದೇವರು ಅವನು. ಓದಿದವರು ಇದನ್ನು ನೋಡಿ ನಗುತ್ತಾರೆ. ನಾನೂ ನಕ್ಕಿದ್ದೆ. ಆದರೆ ಕಪಿಲೆಯಲ್ಲಿ ಮುಳುಗೆದ್ದು ಅವ್ವ ನಂಜುಂಡನ ಮುಂದೆ ಹೇಳಿಕೊಂಡದ್ದು ಹೆಡ್‌ಮಾಸ್ಟರ ಮೇಜಿಗೆ ಹೋಗುವುದಿಲ್ಲ. ಅಷ್ಟರ ಮಟ್ಟಿಗೆ ಆ ಹಕೀಮ ನನಗಿಂತ ನೀತಿವಂತ.

ನನ್ನ ವಾದಕ್ಕೆ ಎದುರು ಮಾತುಗಳಿವೆ. ಸಂಬಳ ಕೊಡುವ ಶಾಲೆಗೆ ಕೇಳುವ ಹಕ್ಕಿಲ್ಲವೇ ಎನ್ನುತ್ತಾರೆ. ಇದೆ. ಎಷ್ಟು ಮಕ್ಕಳನ್ನು ನೋಡಿದೆ, ಪಾಠ ಮಾಡುವವರು ಏನು ಬದಲಿಸಿಕೊಳ್ಳಬೇಕು ಎಂದು ಕೇಳುವ ಹಕ್ಕಿದೆ. ಮಗುವಿನ ಒಳಗುಟ್ಟಿನ ಮೇಲೆ ಹಕ್ಕಿಲ್ಲ. ಪೋಷಕರಿಗೆ ತಿಳಿಯಬೇಡವೇ ಎನ್ನುತ್ತಾರೆ. ತಿಳಿಯಬೇಕು, ಶಾಲೆಗಿಂತ ಮೊದಲು ತಿಳಿಯಬೇಕು, ಕನ್ನಡದಲ್ಲಿ, ಓದಲು ಬಾರದವರಿಗೆ ಓದಿ ಹೇಳಿ ತಿಳಿಸಬೇಕು. ಆ ತಾಯಿಗೆ 86 ಎಂದರೇನು ಎಂದು ನಾನು ಮೊದಲೇ ಕೂರಿಸಿ ಹೇಳಿದ್ದರೆ ಅವರು ಟಿ.ಸಿ. ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಅಮೆರಿಕದ ಶಾಲಾ ಮನೋವಿಜ್ಞಾನಿಗಳ ಸಂಘದ ನೀತಿಸಂಹಿತೆಯಲ್ಲಿ ಹಿತಾಸಕ್ತಿಗಳು ಡಿಕ್ಕಿ ಹೊಡೆದಾಗ ಮಕ್ಕಳ ಹಿತವೇ ಮೊದಲು ಎಂದು ಸ್ಪಷ್ಟವಾಗಿದೆ. ಅದನ್ನು ಅನುವಾದಿಸಿ ಗೋಡೆಗೆ ಅಂಟಿಸಿದರೆ ಸಾಲದೇ ಎಂದು ನನ್ನ ಸಹಪಾಠಿಯೊಬ್ಬ ಕೇಳಿದ. ಸಾಲದು. ಗೋಡೆ ಶಾಲೆಯದು.

ಹಾಗಾದರೆ ಏನು ಮಾಡಬೇಕು? ಆಪ್ತಸಮಾಲೋಚಕರ ನೇಮಕ ಶಾಲೆಯ ಕೈಯಲ್ಲಿರಬಾರದು. ಶಿಕ್ಷಣ ಇಲಾಖೆಯ ಕೈಯಲ್ಲೂ ಬೇಡ ಎನ್ನುತ್ತೇನೆ, ಏಕೆಂದರೆ ಜಿಲ್ಲೆಜಿಲ್ಲೆಗೂ ಎಸ್ಸೆಸ್ಸೆಲ್ಸಿಯ ಸ್ಥಾನ ಲೆಕ್ಕ ಹಾಕಿ, ಫಲಿತಾಂಶ ಕುಸಿದ ಶಾಲೆಗೆ ನೋಟಿಸ್ ಕೊಡುವ ಇಲಾಖೆಗೂ ಆ ಏಳು ಮಕ್ಕಳು ತಲೆನೋವೇ. ಪ್ರತಿ ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕವಿದೆ. ಅದರಡಿ ಒಂದೊಂದು ಹೋಬಳಿಗೆ ಇಬ್ಬರಂತೆ ನೇಮಿಸಿ, ಸರ್ಕಾರಿ ಶಾಲೆ, ಖಾಸಗಿ ಶಾಲೆ, ಹಾಸ್ಟೆಲ್ ಎಲ್ಲಕ್ಕೂ ಅವರೇ ಹೋಗಲಿ. ಖಾಸಗಿ ಶಾಲೆ ಹಣ ಕೊಡಲಿ, ಆಜ್ಞೆ ಕೊಡುವುದು ಬೇಡ. ಟಿಪ್ಪಣಿ ಅವರ ಬಳಿಯೇ ಇರಲಿ. ಶಾಲೆಗೆ ಹೋಗುವುದು ನಾನು ಬರೆದಿದ್ದ ಆ ಎರಡನೇ ಪುಟ ಮಾತ್ರ ಆಗಿರಲಿ; ಸಂಖ್ಯೆ ಹೋಗದಿರಲಿ. ಒಂಬತ್ತನೇ ತರಗತಿಯಿಂದ ಟಿ.ಸಿ. ಹೋದ ಪ್ರತಿ ಮಗುವಿಗೂ ಏಕೆ ಎಂದು ಶಾಲೆ ಬರಹದಲ್ಲಿ ಉತ್ತರ ಕೊಡುವಂತಾಗಲಿ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ತೆರೆದದ್ದು 1924ರಲ್ಲಿ, ಮನೆಯಲ್ಲೇ ಆಕಾಶವಾಣಿ ಶುರು ಮಾಡುವುದಕ್ಕೂ ಹನ್ನೊಂದು ವರ್ಷ ಮೊದಲು. ಆಕಾಶವಾಣಿ ನಮ್ಮ ಹಟ್ಟಿಹಟ್ಟಿಗೂ ಬಂತು. ನೂರು ವರ್ಷ ಕಳೆದರೂ ಮನೋವಿಜ್ಞಾನ ಮಾತ್ರ ಮೂವತ್ತು ಕಿಲೋಮೀಟರ್ ದಾಟಿ ಬರಲು ಇನ್ನೂ ಬಸ್ಸಿಗೆ ಕಾಯುತ್ತಿದೆ.

ಇದೆಲ್ಲ ಆಗುವವರೆಗೆ ಕೈಕಟ್ಟಿ ಕೂರಬೇಕೆಂದಿಲ್ಲ. ಈ ವರ್ಷ ಮನೋವಿಜ್ಞಾನ ಮುಗಿಸಿ ಕೆಲಸ ಹುಡುಕುತ್ತಿರುವ ತಂಗಿ ತಮ್ಮಂದಿರೇ, ಕೋರ್ಟಿನ ಮಾತಿನ ಮೇಲೆ ಶಾಲೆಗಳು ನಿಮ್ಮನ್ನು ಕರೆಯಲಿವೆ. ಸಂದರ್ಶನದಲ್ಲಿ ಸಂಬಳ ಎಷ್ಟು ಎಂದು ಕೇಳುವ ಮೊದಲು ಕೇಳಿ: ನನ್ನ ನೋಟ್‌ಬುಕ್ ಯಾರ ಬಳಿ ಇರುತ್ತೆ? ನಾನು ಬರೆದದ್ದನ್ನು ಯಾರು ಓದುತ್ತಾರೆ? ಯಾವ ಮಗುವನ್ನಾದರೂ ನನ್ನ ವರದಿಯ ಮೇಲೆ ಶಾಲೆಯಿಂದ ಕಳಿಸುತ್ತೀರಾ? ಉತ್ತರ ಬರಹದಲ್ಲಿ ಕೊಡಿ ಎನ್ನಿ. ಕೆಲವು ಶಾಲೆಗಳು ನಿಮ್ಮನ್ನು ಬೇಡವೆನ್ನುತ್ತವೆ. ಆಗ ಆಗುವ ನಷ್ಟ ಹನ್ನೊಂದು ಸಾವಿರ. ನಾನು ಅದನ್ನು ಹನ್ನೊಂದು ತಿಂಗಳು ತೆಗೆದುಕೊಂಡೆ. ಮೆಟ್ಟಿಲ ಮೇಲೆ ನಿಂತಿದ್ದ ಆ ಹುಡುಗನಿಗೆ ಮಾತ್ರ ಇವತ್ತಿಗೂ ಉತ್ತರ ಕೊಟ್ಟಿಲ್ಲ.